ಮದ್ದು ಮೊಂಡಾಗದಿರಲಿ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರವು ಕಾವೇರಿಯ ದಡದಲ್ಲಿರುವ ಪುಣ್ಯಕ್ಷೇತ್ರ. ಅಲ್ಲಿನ ರಾಮೇಶ್ವರ ದೇವಾಲಯದ ಬಳಿ ನದಿಯಲ್ಲಿ ವಹ್ನಿಪುಷ್ಕರಿಣಿಯೆಂಬ ಮಡುವಿದೆ. ಯಾತ್ರಿಕರು ಹಾಕುವ ಪುರಿಗಾಗಿ ದೊಡ್ಡ ದೊಡ್ಡ ಮೀನುಗಳು ಗುಂಪುಗೂಡುತ್ತವೆ. ಅವನ್ನು ಯಾರೂ ಹಿಡಿಯುವಂತಿಲ್ಲ. ‘ನಾನೊಬ್ಬ ಒಂದು ಮೀನು ಹಿಡಿದರೆ ಏನಾದೀತು?’ ಎಂದು ಪ್ರತಿಯೊಬ್ಬನೂ ಬಗೆದಿದ್ದರೆ ಮಡು ಎಂದೋ ಬರಿದಾಗುತ್ತಿತ್ತು. ಎಲ್ಲರ ಸೊತ್ತು ಉಳಿಯುವುದು ಎಲ್ಲರ ಸಂಯಮದಿಂದ.

ಈ ಮಾತು ಔಷಧಕ್ಕೂ ಸಲ್ಲುತ್ತದೆ. ಒಂದು ಕಾಲದಲ್ಲಿ ಚಿಕ್ಕ ಗಾಯದ ಕೀವು, ಬಾಣಂತಿಯ ನಂಜು, ನ್ಯುಮೋನಿಯಗಳು ಅಸಂಖ್ಯ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದವು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಮತ್ತು ಅದರ ಬಳಿಕ ಬಂದ ಇತರ ಪ್ರತಿಜೀವಕಗಳು ಆ ಭಯವನ್ನು ಬಹುಮಟ್ಟಿಗೆ ನೀಗಿದವು. ಆದರೆ ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಔಷಧವನ್ನು ಎದುರಿಸಲು ಕಲಿಯುತ್ತವೆಂದು ಫ್ಲೆಮಿಂಗರೇ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು.

ಕೋಟ್ಯಂತರ ರೋಗಾಣುಗಳ ನಡುವೆ ಔಷಧಕ್ಕೆ ಜಗ್ಗದವು ಕೆಲವಿರುತ್ತವೆ. ಉಳಿದವು ಸತ್ತಾಗ ಅವೇ ಬೆಳೆದು ಇತರರಿಗೂ ಹರಡುತ್ತವೆ. ಹೀಗೆ ಒಬ್ಬನು ಮಾಡಿದ ತಪ್ಪಿಗೆ ಮತ್ತೊಬ್ಬನು ದಂಡ ತೆರುತ್ತಾನೆ. ಪ್ರತಿಜೀವಕಕ್ಕೆ ಬಗ್ಗದ ರೋಗಾಣುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಹೀಗಿದ್ದರೂ ನೆಗಡಿಯಾದೊಡನೆ ಅಂಗಡಿಯಿಂದ ಗುಳಿಗೆ ತಂದು ನುಂಗುವವರಿದ್ದಾರೆ. ನೆಗಡಿಗೆ ಕಾರಣ ವೈರಸ್. ಅದರ ಮೇಲೆ ಪ್ರತಿಜೀವಕದ ಆಟ ನಡೆಯದು. ಕೆಚ್ಚಲುಬಾವಿಗೆ ಪಶುವೈದ್ಯರು ಮದ್ದು ಕೊಟ್ಟ ಹಸುವಿನ ಹಾಲನ್ನು ಅವರು ಹೇಳಿದಷ್ಟು ದಿನ ಮಾರಬಾರದೆಂಬುದನ್ನೂ ಕೆಲವರು ಮರೆಯುತ್ತಾರೆ. ಕೋಳಿ, ದನಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕದ ಬಳಕೆಯನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿದುದು ಇಂತಹ ಅಪಾಯವನ್ನು ಮನಗಂಡೇ.

ಕೆಲವು ಪ್ರಬಲ ಪ್ರತಿಜೀವಕಗಳನ್ನು ಮಾರಿದಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣಗಳನ್ನು ಔಷಧದ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕೆಂಬ ನಿಯಮವು 2014ರಿಂದ ಜಾರಿಯಲ್ಲಿದೆ. ನಿಯಮ ಒಳ್ಳೆಯದೇ. ಆದರೆ ಬರೆದಿಟ್ಟ ಲೆಕ್ಕವನ್ನು ಯಾರೂ ಓದದಿದ್ದರೆ ಅದು ಕಪಾಟಿನ ಧೂಳಿಗೆ ಆಹಾರವಾಗುತ್ತದೆಯೇ ಹೊರತು ಕಾವಲಾಗುವುದಿಲ್ಲ. ಯಾವ ತಾಲ್ಲೂಕಿನಲ್ಲಿ ಯಾವ ಮದ್ದು ಎಷ್ಟು ಖರ್ಚಾಯಿತು, ಅಲ್ಲಿನ ರೋಗಾಣು ಯಾವ ಮದ್ದಿಗೆ ಬಗ್ಗುತ್ತದೆ ಎಂಬೆರಡನ್ನೂ ಕೂಡಿಸಿ ನೋಡಿದಾಗಲೇ ಲೆಕ್ಕಕ್ಕೆ ಬೆಲೆ.

ಇಂತಹ ಬಿಗಿಯಿಂದ ಬಡವರಿಗೆ ತೊಂದರೆಯೆಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಆಸ್ಪತ್ರೆಗೆ ಹೋದರೆ ದಿನದ ಕೂಲಿ ಕಳೆದುಕೊಳ್ಳುವವನು ಹತ್ತಿರದ ಅಂಗಡಿಗೆ ಹೋಗುವುದು ಸಹಜ. ಆದ್ದರಿಂದ ಅವನನ್ನು ಹಳಿದರೆ ಸಾಲದು. ವೈದ್ಯರೂ ಪರೀಕ್ಷಾಲಯವೂ ಅವನ ಊರಿನ ಸಮೀಪಕ್ಕೆ ಬರಬೇಕು. ಸರ್ಕಾರ ತನ್ನ ಕರ್ತವ್ಯವನ್ನು ಮಾಡಲಿ. ಪ್ರಜೆಯೂ ವೈದ್ಯರು ಹೇಳದೆ ಈ ಮದ್ದನ್ನು ಮುಟ್ಟದಿರಲಿ, ಹೇಳಿದಷ್ಟನ್ನು ಬಿಡದಿರಲಿ.

ರಾಮನಾಥಪುರದ ಮಡುವಿನ ಮೀನನ್ನು ಹಿರಿಯರು ಮುಂದಿನವರಿಗಾಗಿ ಉಳಿಸಿದರು. ಇಂದಿನವರು ಮುಂದಿನವರಿಗೆ ಮೊಂಡಾದ ಮದ್ದನ್ನು ಬಿಟ್ಟುಹೋಗುವುದು ನ್ಯಾಯವಲ್ಲ.