ಕಾಳ್ಗಿಚ್ಚಿನ ಕಾಣದ ಇಂಧನ

ಕಾಳ್ಗಿಚ್ಚು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಒಣಹುಲ್ಲು, ತರಗೆಲೆ, ಧಗಧಗಿಸುವ ಮರ. ಉರಿಯುವ ವಸ್ತು ಕಣ್ಣಿಗೇ ಕಾಣದಿರುವ ಸಂದರ್ಭವೂ ಉಂಟೇ ಎಂಬ ಪ್ರಶ್ನೆ ಯುರೋಪಿನಲ್ಲಿ ಗಂಭೀರ ಚರ್ಚೆಗೆ ಬಂದದ್ದು ಸಾವುಗಳಾದ ಮೇಲೆ. 2000ದ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಕಾರ್ಸಿಕಾ ದ್ವೀಪದ ಪಲಾಸ್ಕಾ ಬಳಿ ಕಾಡಿನ ಬೆಂಕಿ ಹಠಾತ್ತನೆ ಭುಗಿಲೆದ್ದು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಬಲಿಯಾದರು.

ರೋಸ್‌ಮೇರಿ, ಪೈನ್, ನೀಲಗಿರಿಯಂಥ ಸುಗಂಧಿ ಸಸ್ಯಗಳ ಎಲೆಗಳಲ್ಲಿ ಟರ್ಪೀನ್ ವರ್ಗದ ತೈಲಗಳಿರುತ್ತವೆ. ಜ್ವಾಲೆ ತಲುಪುವ ಮೊದಲೇ ಅದರ ಕಾವಿಗೆ ಇವು ಆವಿಯಾಗತೊಡಗುತ್ತವೆ. ಆಲ್ಫಾ ಪೈನೀನ್ ಸುಮಾರು 156 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಗಿರಿ ಎಣ್ಣೆಯ ಪ್ರಧಾನ ಅಂಶವಾದ ಸಿನಿಯೋಲ್ ಸುಮಾರು 176 ಡಿಗ್ರಿಯಲ್ಲಿ ಕುದಿಯುತ್ತವೆ. ಸೌದೆ ಹೊತ್ತಿಕೊಳ್ಳಲು ಇದಕ್ಕಿಂತ ಬಹಳ ಹೆಚ್ಚಿನ ಕಾವು ಬೇಕು. ಗಾಳಿಯಲ್ಲಿ ಪೈನೀನ್ ಆವಿಯ ಪ್ರಮಾಣ ಶೇ 1ರಷ್ಟಾದರೂ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ಈ ಆವಿ ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಭಾರ. ಆದ್ದರಿಂದ ಗಾಳಿಯಾಡದ ಕಣಿವೆಯಲ್ಲಿ ಅದು ಮಡುಗಟ್ಟಿ ನಿಂತು, ಬೆಂಕಿ ಸೋಕಿದಾಗ ಒಮ್ಮೆಲೇ ಸಿಡಿಯುತ್ತದೆಂಬುದು ಕೆಲವು ಸಂಶೋಧಕರ ವಾದ.

ಎಲ್ಲರೂ ಇದನ್ನು ಒಪ್ಪಿಲ್ಲ. ಕಣಿವೆಯ ಇಳಿಜಾರಿನಲ್ಲಿ ಬೆಂಕಿ ತಾನೇ ಸೆಳೆದುಕೊಳ್ಳುವ ಗಾಳಿಯೇ ಅದನ್ನು ಕ್ಷಣಾರ್ಧದಲ್ಲಿ ಮೇಲಕ್ಕೆ ನುಗ್ಗಿಸುತ್ತದೆ, ಆವಿಯ ನೆರವು ಬೇಕಿಲ್ಲ ಎಂಬುದು ಪೋರ್ಚುಗಲ್‌ನ ಡೊಮಿಂಗೋಸ್ ವಿಯೆಗಾಸ್ ಅವರಂಥವರ ನಿಲುವು. ನನಗೂ ಹೆಚ್ಚಿನ ಪ್ರಕರಣಗಳಲ್ಲಿ ಇದೇ ಸರಿಯೆನಿಸುತ್ತದೆ. ಆದರೆ ಕಣಿವೆಯೊಳಗೆ ನಿಂತ ಮನುಷ್ಯನಿಗೆ ಈ ವಾಗ್ವಾದದಿಂದ ಆಗಬೇಕಾದದ್ದೇನು? ಅವನಿಗೆ ಕೊಡಬೇಕಾದ ಆದೇಶವಂತೂ ಒಂದೇ: ಕೆಳಗೆ ಬೆಂಕಿಯಿರುವಾಗ ಮೇಲಿನ ಇಳಿಜಾರಿನಲ್ಲಿ ನಿಲ್ಲಬೇಡ, ಹಿಂದಿರುಗುವ ದಾರಿ ಗುರುತಿಸದೆ ಮುಂದೆ ಹೋಗಬೇಡ.

ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. ಸರ್ಕಾರ 2017ರಲ್ಲಿ ನೀಲಗಿರಿಯ ಹೊಸ ನೆಡುವಿಕೆಯನ್ನು ನಿಷೇಧಿಸಿತಾದರೂ ದಶಕಗಳ ಕಾಲ ನಾವೇ ಪ್ರೋತ್ಸಾಹಿಸಿ ಬೆಳೆಸಿದ ತೋಪುಗಳು ನಿಷೇಧದೊಂದಿಗೆ ಮಾಯವಾಗಲಿಲ್ಲ. ಅದೇ ವರ್ಷ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿಗೆ ಅರಣ್ಯ ರಕ್ಷಕರೊಬ್ಬರು ಬಲಿಯಾದರು. ಅಲ್ಲಿ ಆವಿಯ ಪಾತ್ರವಿತ್ತೆಂದು ನಾನು ಹೇಳುತ್ತಿಲ್ಲ. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಬೆಂಕಿಯಾರಿಸುವ ದಿನಗೂಲಿಯವನಿಗೆ ಯಾವ ಕಣಿವೆಗೆ ಇಳಿಯಬಾರದೆಂದು ಹೇಳುವ ಹೊಣೆ ಯಾರದು ಎಂಬುದಷ್ಟೇ ನನ್ನ ಪ್ರಶ್ನೆ. ಸುಟ್ಟ ಎಕರೆಗಳ ಲೆಕ್ಕ ಕಡತಕ್ಕೆ ಬರುತ್ತದೆ. ಕೂದಲೆಳೆಯಲ್ಲಿ ಪಾರಾದ ಕೂಲಿಯವನ ಅನುಭವವನ್ನು ದಾಖಲಿಸುವ ಕಾಲಮು ನಮ್ಮ ನಮೂನೆಗಳಲ್ಲಿ ಇರಬೇಕು. ಬೇಸಿಗೆಗೆ ಮುನ್ನ ಎರಡು ದಿನಗಳ ತರಬೇತಿ, ಹತ್ತಿಯ ದಪ್ಪ ಉಡುಪು, ಎತ್ತರದಲ್ಲಿ ನಿಂತು ನೋಡುವ ಒಬ್ಬ ಕಾವಲುಗಾರ, ಅವನ ಕೈಯಲ್ಲೊಂದು ವಾಕಿಟಾಕಿ. ಇವಕ್ಕೆ ತಗಲುವ ವೆಚ್ಚ ಒಂದು ಸಾವಿನ ಪರಿಹಾರಕ್ಕಿಂತ ಹೆಚ್ಚಾಗಲಾರದು.