ಹೆಸರು ಉಳಿಯಿತು, ಕೃತಿ ಅಳಿಯಿತು

ಕಾದಂಬರಿಕಾರನೊಬ್ಬ ತನ್ನ ಕೃತಿಯ ಉತ್ತರಭಾಗವನ್ನು ಬರೆಯುತ್ತಿರುವಾಗ ಪ್ರಕಾಶಕರು ಅದನ್ನು ಕೈಬಿಟ್ಟು, ಕೆಲಕಾಲದ ಮೇಲೆ ಅದೇ ಹೆಸರಿನಲ್ಲಿ ಬೇರೊಬ್ಬ ಲೇಖಕನ ಬೇರೊಂದೇ ಕಥೆಯನ್ನು ಹೊರತಂದರೆ ವಾಚಕರು ಏನೆಂದಾರು? ಸಾಹಿತ್ಯಲೋಕದಲ್ಲಿ ಕೋಲಾಹಲವೇ ಎದ್ದೀತು. ವಿಡಿಯೋ ಗೇಮುಗಳ ಲೋಕದಲ್ಲಿ ಇದು ನಿಜವಾಗಿಯೇ ನಡೆದಿದೆ.

ಅಮೆರಿಕದ ಮ್ಯಾಡಿಸನ್ ನಗರದ ಹ್ಯೂಮನ್ ಹೆಡ್ ಎಂಬ ಸಂಸ್ಥೆ 2006ರಲ್ಲಿ 'ಪ್ರೇ' ಎಂಬ ಆಟವನ್ನು ಹೊರತಂದಿತು. ಪ್ರೇ ಎಂದರೆ ಬೇಟೆಗೆ ಗುರಿಯಾದ ಪ್ರಾಣಿ. ಚೆರೋಕೀ ಜನಾಂಗದ ತರುಣನೊಬ್ಬನನ್ನು ಅನ್ಯಗ್ರಹದವರು ಅಪಹರಿಸುವ ಕಥೆ ಅದು. ಅದರ ಮೊದಲ ಕಲ್ಪನೆ ಇನ್ನೊಂದು ಸಂಸ್ಥೆಯಲ್ಲಿ ಮೊಳೆತದ್ದು 1995ರಲ್ಲಿ. ಹನ್ನೊಂದು ವರ್ಷ ಗರ್ಭದಲ್ಲಿದ್ದ ಶಿಶುವೆನ್ನಬೇಕು. ಮುಂದೆ ಹೆಸರಿನ ಹಕ್ಕು ಬೆಥೆಸ್ಡಾ ಎಂಬ ಪ್ರಕಾಶಕ ಸಂಸ್ಥೆಯ ಸಮೂಹಕ್ಕೆ ಸೇರಿತು. ಉತ್ತರಭಾಗವನ್ನು ರಚಿಸುವ ಕೆಲಸ ಹ್ಯೂಮನ್ ಹೆಡ್‌ನವರದೇ ಆಗಿತ್ತು.

2011ರಲ್ಲಿ ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ಅದರ ಒಂದಂಶವನ್ನು ತೋರಿಸಿದರು. ವಿಮಾನದೊಡನೆ ಅಪಹೃತನಾದ ಪೊಲೀಸ್ ಅಧಿಕಾರಿಯೊಬ್ಬ ಎಕ್ಸೋಡಸ್ ಎಂಬ ಅನ್ಯಲೋಕದಲ್ಲಿ ಹಣಕ್ಕಾಗಿ ಅಪರಾಧಿಗಳನ್ನು ಹಿಡಿಯುವ ಬೇಟೆಗಾರನಾಗುತ್ತಾನೆ. ಬೇಟೆಯೇ ಬೇಟೆಗಾರನಾಗುವ ಈ ತಿರುವು ಸೊಗಸಾದುದೆಂದು ನನ್ನ ಭಾವನೆ. ಆದರೆ 2012ರ ಏಪ್ರಿಲಿನಲ್ಲಿ ಪ್ರಕಾಶಕರು, ಕೆಲಸ ತೃಪ್ತಿಕರವಾಗಿ ಸಾಗಿಲ್ಲ, ಆ ವರ್ಷ ಆಟ ಹೊರಬರದು ಎಂದರು. ಕರಾರಿನ ಮಾತಿನಲ್ಲಿ ವಿರಸ ಹುಟ್ಟಿತೆಂಬ ವರದಿಗಳೂ ಬಂದವು. ಅನಂತರ ದೀರ್ಘ ಮೌನ. 2014ರ ಅಕ್ಟೋಬರಿನಲ್ಲಿ ಯೋಜನೆ ರದ್ದಾಯಿತೆಂದು ಸಾರಿದರು. ನಿರೀಕ್ಷಿಸಿದ ಗುಣಮಟ್ಟ ಬರಲಿಲ್ಲವೆಂಬುದು ಅವರು ಕೊಟ್ಟ ಕಾರಣ.

ಹಣ ಹೂಡಿದವರಿಗೆ ನಿಲ್ಲಿಸುವ ಅಧಿಕಾರವಿದೆ; ಅದನ್ನು ಅಲ್ಲಗಳೆಯಲಾಗದು. ಮನಸ್ಸನ್ನು ಕಲಕುವುದು ಮುಂದಿನ ಸಂಗತಿ. 2017ರಲ್ಲಿ ಅದೇ ಸಮೂಹದ ಆರ್ಕೇನ್ ಸಂಸ್ಥೆಯಿಂದ 'ಪ್ರೇ' ಎಂಬ ಹೊಸ ಆಟ ಬಂದಿತು. ಹಿಂದಿನ ಕಥೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆರ್ಕೇನಿನ ಸ್ಥಾಪಕ ರಾಫೇಲ್ ಕೊಲಾಂಟೋನಿಯೊ, ಆ ಹೆಸರು ತಮಗೆ ಬೇಡವಾಗಿತ್ತು, ಮೇಲಿನವರು ಹೊರಿಸಿದರು, ಮೂಲ ಕರ್ತೃಗಳಿಗೆ ಅದು ನೋವಿನ ಸಂಗತಿ ಎಂದು ಸಂಸ್ಥೆಯನ್ನು ಬಿಟ್ಟ ಮೇಲೆ, 2022ರಲ್ಲಿ, ಬಹಿರಂಗವಾಗಿ ಹೇಳಿಕೊಂಡರು. ಹೊಸ ಆಟ ಕೀಳಾಗಿರಲಿಲ್ಲ, ಬಲ್ಲವರು ಮೆಚ್ಚಿದರು. ಆದರೆ ಹಳೆಯ ಕಥೆಯನ್ನು ಬಯಸಿ ಬಂದವನಿಗೆ ಅದು ಸಿಕ್ಕಲಿಲ್ಲ. ಹೊಸದನ್ನು ಮೆಚ್ಚಬಹುದಾಗಿದ್ದವನು ಹೆಸರು ಕಂಡು ಹಿಂದಿನದರ ಮುಂದುವರಿಕೆಯೆಂದು ಬಗೆದಿರಲೂ ಸಾಕು. ಅಂಗಡಿಯ ಫಲಕವನ್ನು ಉಳಿಸಿಕೊಂಡು ಸರಕನ್ನು ಬದಲಿಸಿದರೆ ಗಿರಾಕಿಗೂ ನಷ್ಟ, ಸರಕಿಗೂ ಅಪಚಾರ.

2019ರಲ್ಲಿ ಹ್ಯೂಮನ್ ಹೆಡ್ ಬಾಗಿಲು ಹಾಕಿತು. ಅಲ್ಲಿದ್ದವರಿಗೆ ಬೆಥೆಸ್ಡಾದವರೇ ರೌಂಡ್‌ಹೌಸ್ ಎಂಬ ಹೊಸ ಸಂಸ್ಥೆ ಕಟ್ಟಿ ಕೆಲಸ ಕೊಟ್ಟರು. ಕೃತಿಯನ್ನು ಕೈಬಿಟ್ಟವರೇ ಕರ್ತೃಗಳಿಗೆ ಅನ್ನದಾತರಾದರು. ಇದನ್ನು ಔದಾರ್ಯವೆನ್ನೋಣವೇ, ವಿಡಂಬನೆಯೆನ್ನೋಣವೇ? 2021ರಲ್ಲಿ ಮೈಕ್ರೋಸಾಫ್ಟ್ ಇಡೀ ಸಮೂಹವನ್ನು ಕೊಂಡಿತು. 2024ರ ಮೇ ತಿಂಗಳಲ್ಲಿ, ಹೊಸ 'ಪ್ರೇ'ಯನ್ನು ರಚಿಸಿದ ಆರ್ಕೇನಿನ ಆಸ್ಟಿನ್ ಶಾಖೆಯನ್ನು ಮುಚ್ಚಿ, ರೌಂಡ್‌ಹೌಸನ್ನು ಮತ್ತೊಂದು ಸಂಸ್ಥೆಯಲ್ಲಿ ವಿಲೀನಗೊಳಿಸಿತು. 2011ರಲ್ಲಿ ತೋರಿಸಿದ ಎಕ್ಸೋಡಸಿನ ಬೀದಿಗಳು ಪೂರ್ಣ ಆಟವಾಗಿ ಮಾರುಕಟ್ಟೆಗೆ ಬರಲೇ ಇಲ್ಲ.