ತರಬೇತಿಗೆ ಬಿಟ್ಟ ನಾಯಿ
ನಾಯಿಯನ್ನು ಕೆಲವು ವಾರ ತರಬೇತುದಾರರ ಬಳಿಯೇ ಬಿಟ್ಟು, ಕೂರುವುದು, ಕರೆದಾಗ ಬರುವುದು ಮುಂತಾದ ಶಿಸ್ತು ಕಲಿಸಿ ಮನೆಗೆ ಕರೆತರುವ ಏರ್ಪಾಡು ಬೆಂಗಳೂರಿನಂಥ ನಗರಗಳಲ್ಲಿದೆ. ತಕರಾರು ಹುಟ್ಟುವುದು ನಾಯಿ ಮರಳಿದ ಮೇಲೆ. ಅಲ್ಲಿ ಹೇಳಿದಂತೆ ಕೇಳುತ್ತಿದ್ದ ನಾಯಿ ಮನೆಯಲ್ಲಿ ಕಿವಿಗೊಡುವುದಿಲ್ಲ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ನಾಯಿ ತಾನು ಕಲಿತದ್ದನ್ನು ಆ ಜಾಗ, ಆ ದನಿ, ಆ ವ್ಯಕ್ತಿಯೊಂದಿಗೆ ಬೆಸೆದುಕೊಂಡಿರುತ್ತದೆ. ಹಾಗಾಗಿ ಮನೆಯವರಿಗೂ ಪಾಠ ಹೇಳಿಕೊಡದ ತರಬೇತಿ ಅರ್ಧಂಬರ್ಧ ಕೆಲಸವೇ ಸರಿ. ಆದರೆ ಪಕ್ಕೆಲುಬು ಎಣಿಸುವಷ್ಟು ಬಡಕಲಾಗಿ, ಕುತ್ತಿಗೆಪಟ್ಟಿಯ ಕೆಳಗೆ ಕೂದಲುದುರಿ ಗಾಯವಾಗಿ, ಯಾರಾದರೂ ಕೈ ಎತ್ತಿದರೆ ಮಂಚದಡಿ ನುಸುಳುವ ಸ್ಥಿತಿಯಲ್ಲಿ ನಾಯಿ ಬಂದರೆ ಅದು ಕಲಿಕೆಯ ಕೊರತೆಯಲ್ಲ, ಕ್ರೌರ್ಯ. ಪ್ರಾಣಿಯನ್ನು ಹೊಡೆಯುವುದು, ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಪೊಲೀಸರಿಗೆ ದೂರು ಕೊಡಬಹುದು. ಕಟ್ಟಿದ ಹಣ ಮತ್ತು ಚಿಕಿತ್ಸೆಯ ಖರ್ಚಿಗೆ ದಾರಿ ಬೇರೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸೇವಾ ನ್ಯೂನತೆಯ ದೂರನ್ನು, ಗ್ರಾಹಕರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ವಕೀಲರಿಲ್ಲದೆಯೂ ಸಲ್ಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಗೆಲ್ಲಿಸುವುದು ಮಾತ್ರ ದಾಖಲೆ. ನಾಯಿಯನ್ನು ಬಿಡುವ ದಿನದ ತೂಕ ಮತ್ತು ಫೋಟೊ, ಏನೇನು ಕಲಿಸುತ್ತೇವೆಂದು ಒಪ್ಪಿದ ಬರಹ, ಹಣ ಪಾವತಿಯ ರಸೀದಿ, ವಾಟ್ಸ್ಆ್ಯಪ್ ಸಂದೇಶಗಳು ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮರಳಿದ ದಿನವೇ ಪಶುವೈದ್ಯರಿಂದ ಪಡೆದ ಪ್ರಮಾಣಪತ್ರ. ತಡವಾದಷ್ಟೂ ಗಾಯ ಮನೆಯಲ್ಲೇ ಆದದ್ದೆಂಬ ವಾದಕ್ಕೆ ಬಲ ಬರುತ್ತದೆ. ಆಯೋಗಕ್ಕೆ ದೂರು ಕೊಡಲು ಇರುವ ಅವಧಿ 2 ವರ್ಷ.